ಮೆರುಗೆಣ್ಣೆಯ ವಿಚಾರ

ಹಳೆಯ ಪದಾರ್ಥಗಳನ್ನು ಇಟ್ಟುಕೊಂಡಿರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳದೆ ಇರುವುದಿಲ್ಲ: ಇದನ್ನು ಇದ್ದ ಹಾಗೆಯೇ ಬಿಡುವುದೋ, ಇಲ್ಲವೆ ಉಜ್ಜಿ, ಬಣ್ಣ ಬಳಿದು, ಹೊಸದರಂತೆ ಮಾಡುವುದೋ? ತೊಟ್ಟಿಲು, ಪೆಟ್ಟಿಗೆ, ದೇವರ ಮಂಟಪ, ಅಜ್ಜನ ಒರಗುಕುರ್ಚಿ ಇವುಗಳ ವಿಷಯವಾದರೆ ಮನೆಯ ಯಜಮಾನಿತಿಯೂ ಬಡಗಿಯೂ ಸೇರಿ ಅರ್ಧ ಗಂಟೆಯಲ್ಲಿ ತೀರ್ಮಾನಮಾಡಿಬಿಡುತ್ತಾರೆ. ನನ್ನ ಪಾಲಿಗೆ ಬಂದ ಪದಾರ್ಥ ಅಷ್ಟು ಸುಲಭವಾದುದಾಗಿರಲಿಲ್ಲ. ಅದೊಂದು ವಿದ್ಯುತ್ ತಂತೀವಾದ್ಯ. ಬೇಸ್ ಗಿಟಾರ್ ಎಂದು ಕರೆಯತಕ್ಕದ್ದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ರಾಮಶಬ್ದವನ್ನೂ ಸವರ್ಣದೀರ್ಘವನ್ನೂ ಹೇಳಿಕೊಟ್ಟು ನಿವೃತ್ತನಾದ ನನ್ನಂಥವನಿಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳುವುದು ನ್ಯಾಯವೇ. ಸಂಬಂಧವಿಷ್ಟೆ: ಅದು ನನ್ನ ತಮ್ಮನದು. ಅವನು 2009ರಲ್ಲಿ ತೀರಿಕೊಂಡನು. ಆಗ ಎಂಟು ವರ್ಷದವಳಾಗಿದ್ದ ಅವನ ಮಗಳು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಬಿಡುವಿನ ವೇಳೆಯಲ್ಲಿ ತಂದೆಯ ಹಾಗೆಯೇ ಈ ವಾದ್ಯವನ್ನು ನುಡಿಸುತ್ತಾಳೆ. ಅಪ್ಪನದನ್ನು ತೆಗೆದುಕೊಂಡುಹೋಗುತ್ತೇನೆಂದು ಅವಳು ಬಂದಾಗ ಈ ಪ್ರಶ್ನೆ ಹುಟ್ಟಿತು.

ವಾದ್ಯವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ವೀಣೆಗಿರುವಂತೆ ಇದಕ್ಕೆ ಪೊಳ್ಳಾದ ಕೊಡವಿಲ್ಲ. ಒಡಲೆಂಬುದು ಒಂದೂಮುಕ್ಕಾಲು ಅಂಗುಲ ದಪ್ಪದ ಗಟ್ಟಿ ಹಲಗೆ. ಅದಕ್ಕೆ ತಿರುಪುಮೊಳೆಗಳಿಂದ ಬಿಗಿದ ಕತ್ತು. ಕತ್ತಿನ ಮೇಲೆ ಬೆರಳೂರಲು ಬೀಟೆ ಜಾತಿಯ ಮರದ ಪಟ್ಟಿ. (ಬೀಟೆ ನಮ್ಮ ಕೊಡಗಿನ ತೋಟಗಳಲ್ಲಿ ನೆರಳಿಗೆ ನಿಲ್ಲುವ ಮರ. ಅಮೇರಿಕದ ಮಾರ್ಟಿನ್ ಎಂಬ ಹೆಸರಾಂತ ಗಿಟಾರ್ ಕಾರ್ಖಾನೆಯವರಿಗೆ ಬ್ರೆಜಿಲ್ ದೇಶದ ಮರ ಸಿಕ್ಕುವುದು ದುರ್ಲಭವಾಗಿ, 1969ರಿಂದ ಅವರು ಭಾರತದ ಬೀಟೆಗೇ ಮೊರೆಹೊಕ್ಕರು.) ನಾಲ್ಕು ದಪ್ಪನಾದ ಉಕ್ಕಿನ ತಂತಿಗಳು, ಅವುಗಳ ಕೆಳಗೆ ಅಯಸ್ಕಾಂತದ ತುಂಡುಗಳು, ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಉಕ್ಕಿನ ತಂತಿ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ಅಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಯಂತ್ರವು ಹಿಗ್ಗಿಸಿ ಧ್ವನಿಯನ್ನಾಗಿ ಮಾಡುತ್ತದೆ. ಎಲ್ಲಕ್ಕಿಂತ ದಪ್ಪನಾದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವುದು. ಅದು ಮಂದ್ರಕ್ಕೂ ಮಂದ್ರ. ಕಚೇರಿಯಲ್ಲಿ ಈ ವಾದ್ಯವನ್ನು ಯಾರೂ ಪ್ರತ್ಯೇಕವಾಗಿ ಗಮನಿಸುವುದಿಲ್ಲ. ಅದು ನಿಂತುಹೋದರೆ ಮಾತ್ರ ಏನೋ ಕುಸಿದಂತೆ ಎಲ್ಲರಿಗೂ ತಿಳಿಯುತ್ತದೆ. ನಮ್ಮ ತಂಬೂರಿಯೂ ಹಾಗೆಯೇ ಅಲ್ಲವೆ? ಈ ಬಗೆಯ ವಾದ್ಯವನ್ನು 1951ರಲ್ಲಿ ಮಾರುಕಟ್ಟೆಗೆ ತಂದು ನೆಲೆಗೊಳಿಸಿದವನು ಕ್ಯಾಲಿಫೋರ್ನಿಯದ ಲಿಯೋ ಫೆಂಡರ್. ಮೊದಲು ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ವ್ಯಾಕರಣ ಬರೆದವರೆಲ್ಲ ಕಾವ್ಯ ಬರೆಯಲಿಲ್ಲವಷ್ಟೆ!

ನನ್ನ ತಮ್ಮನು 1991ರಲ್ಲಿ ಬೆಂಗಳೂರಿನ ಒಬ್ಬ ವೃದ್ಧ ವಾದ್ಯಗಾರರಿಂದ ಇದನ್ನು ಕೊಂಡನು. ಅವರು ತಮ್ಮ ಪ್ರಾಯದಲ್ಲಿ ಹೋಟೆಲುಗಳ ವಾದ್ಯಮೇಳಗಳಲ್ಲಿ ನುಡಿಸಿದ್ದವರು. ಪರದೇಶದ ವಾದ್ಯ ತರಿಸುವುದು ನಮ್ಮ ದೇಶದಲ್ಲಿ ಬಹು ಪ್ರಯಾಸವಾಗಿದ್ದ ಕಾಲದಲ್ಲಿ ಇದು ಅವರಿಗೆ ಹೇಗೆ ಒದಗಿತೋ, ತಮ್ಮ ಹೇಳಲಿಲ್ಲ, ನಾನು ಕೇಳಲಿಲ್ಲ. ಆಗ ಅದರ ಮೈ, ಮಧ್ಯದಲ್ಲಿ ಜೇನಿನ ಬಣ್ಣ, ಸುತ್ತಲೂ ಕೆಂಪು, ಅಂಚಿನಲ್ಲಿ ಕಪ್ಪು, ಹೀಗೆ ಸಂಜೆಯ ಆಕಾಶದ ಹಾಗಿತ್ತು. ಆದರೆ ಮೆರುಗು ಬಹಳ ಕಡೆ ಎದ್ದುಹೋಗಿತ್ತು. 1994ರಲ್ಲಿ ಒಂದು ಹೋಟೆಲಿನವರು, ವಾದ್ಯಗಳು ಲಕ್ಷಣವಾಗಿರಬೇಕು, ಹರಕುಮುರುಕಾದುದನ್ನು ಹಿಡಿದುಕೊಂಡು ಬರಕೂಡದು, ಎಂದು ಕಟ್ಟುಮಾಡಿದರು. ತಿಂಗಳ ಸಂಬಳದ ಪ್ರಶ್ನೆ. ತಮ್ಮನು ಅದನ್ನು ಮೋಟಾರು ಗಾಡಿಗಳಿಗೆ ಬಣ್ಣ ಹೊಡೆಯುವ ಒಂದು ಶೆಡ್ಡಿಗೆ ಕೊಂಡುಹೋಗಿ ಅಪ್ಪಟ ಕಪ್ಪು ಬಣ್ಣ ಹೊಡೆಸಿಬಿಟ್ಟನು. ಆ ಮೇಲೆ ಹದಿನೈದು ವರ್ಷ ಅದೇ ಕಪ್ಪು ವಾದ್ಯದಿಂದ ಅವನು ಸಂಸಾರವನ್ನು ನಡೆಸಿದನು.

ನಮ್ಮ ತಂದೆಯವರು ವೈದಿಕರು. ಹೋಟೆಲುಗಳಲ್ಲಿ, ಪಾನಗೋಷ್ಠಿಗಳ ನಡುವೆ ನುಡಿಯುವ ವಾದ್ಯ ದೇವರ ಕೋಣೆಯಿರುವ ಮನೆಯೊಳಗೆ ಬರಬಾರದೆಂದು ಅವರ ನಿಶ್ಚಯ. ಮಗ ಬರಬಹುದು, ವಾದ್ಯ ಬರಕೂಡದು. ತಮ್ಮನು ವಿರಾಜಪೇಟೆಯಲ್ಲಿ ಬಸ್ಸಿನಿಂದ ಇಳಿದು ಮನೆಗೆ ಬರುವಾಗ ಅದನ್ನು ಪಕ್ಕದ ತೋಟದ ಸುಬೇದಾರರ ಮನೆಯಲ್ಲಿಟ್ಟು ಬರುತ್ತಿದ್ದನು. ಅವರು ಕೊಡವರು, ಸೈನ್ಯದಲ್ಲಿದ್ದು ಬಂದವರು, ಬ್ಯಾಂಡಿನ ಸಂಗೀತವೆಂದರೆ ಪ್ರಾಣ. 1998ರಲ್ಲಿ ಅವನು ಕೈಲ್ ಮುಹೂರ್ತದ ಹೊತ್ತಿಗೆ ಬಂದಿದ್ದನು. ಸೆಪ್ಟೆಂಬರ್ ಮೊದಲ ವಾರದ ಈ ಹಬ್ಬದಲ್ಲಿ ಕೊಡವರು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಮಾಡಿ ಸಾಲಾಗಿಟ್ಟು, ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಸಂಸ್ಕೃತದಲ್ಲಿ ಅಗ್ನಿಶಿಖಾ ಎಂಬ ಹೆಸರು ಆ ಹೂವಿಗೆ ಎಷ್ಟು ಒಪ್ಪುತ್ತದೆ! ಆ ಸಲ ಸುಬೇದಾರರು ಕೋವಿಗಳ ಸಾಲಿನ ಕೊನೆಗೆ ನನ್ನ ತಮ್ಮನ ವಾದ್ಯವನ್ನೂ ನಿಲ್ಲಿಸಿ ಅದಕ್ಕೂ ಒಂದು ಹೂವಿಟ್ಟರು. “ಅನ್ನ ಕೊಡುವುದೆಲ್ಲ ಆಯುಧವೇ ಮಾಷ್ಟ್ರೇ” ಎಂದು ನನಗೆ ಹೇಳಿದರು. ಈ ಸುದ್ದಿ ತಂದೆಯವರ ಕಿವಿಗೂ ಬಿತ್ತು. ಅವರು ಏನೂ ಹೇಳಲಿಲ್ಲ. ಒಪ್ಪಿದರೆಂದು ನಾನು ಬರೆಯಲಾರೆ. 2003ರಲ್ಲಿ ಅವರು ಕಾಲವಾದ ಮೇಲೆಯೇ ವಾದ್ಯ ನಮ್ಮ ಹೊಸ್ತಿಲು ದಾಟಿದುದು.

ತಮ್ಮ ಹೋದ ಮೇಲೆ ಅಮ್ಮ ಅದನ್ನು ಅಡಿಗೆಮನೆಯ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಕಡೆ ಇಡಿಸಿದರು. ಹೊರಗಿನವರಿಗೆ ಇದು ಅನಾದರವೆಂದು ತೋರಬಹುದು. ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಮಳೆ ಹೊಯ್ಯುವ ಮಡಿಕೇರಿಯಂಥ ಊರುಗಳಿರುವ ಈ ಸೀಮೆಯಲ್ಲಿ, ಕಕ್ಕಡದ ತಿಂಗಳಲ್ಲಿ ಪುಸ್ತಕದ ಬೆನ್ನಿಗೂ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವುದನ್ನು ಕಂಡವರಿಗೆ ಒಲೆಯ ಮೇಲಿನ ಅಟ್ಟಕ್ಕಿಂತ ಕ್ಷೇಮವಾದ ಜಾಗವಿಲ್ಲವೆಂದು ಗೊತ್ತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಆಸುಪಾಸಿನ ಗುಡ್ಡಗಳು ಕುಸಿದ ಕಾಲದಲ್ಲಿ ನಮ್ಮ ಮನೆಯ ಹಿಂದಿನ ದಿಬ್ಬದಲ್ಲಿಯೂ ಬಿರುಕು ಕಾಣಿಸಿ, ಎರಡು ರಾತ್ರಿ ನಾವು ಬೇರೆ ಕಡೆ ಮಲಗಬೇಕಾಯಿತು. ಹೊರಡುವಾಗ ಅಮ್ಮ ಜಮೀನಿನ ಕಾಗದಪತ್ರಕ್ಕಿಂತ ಮೊದಲು ಅಟ್ಟದ ಮೇಲಿನದನ್ನು ಇಳಿಸಲು ಹೇಳಿದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆಳಗಿಳಿಸಿ ನೋಡಿದಾಗ ವಾದ್ಯದ ಮೈಮೇಲೆ ಇಲ್ಲಣದ ಜಿಡ್ಡು ದಪ್ಪವಾಗಿ ಕೂತಿತ್ತು. ಅದರಡಿಯಲ್ಲಿ ತಮ್ಮನ ಕಪ್ಪು ಬಣ್ಣ. ಬಲಗೈಯ ಮುಂತೋಳು ಒರಗುವ ಅಂಚಿನಲ್ಲಿ ಕಪ್ಪು ಸವೆದು ಕೆಂಪು ಕಾಣುತ್ತಿತ್ತು. ಇನ್ನೂ ಒಳಕ್ಕೆ ಜೇನಿನ ಹಳದಿ. ಎರಡು ಕಡೆ, ನಾಲ್ಕಾಣೆಯಷ್ಟಗಲ, ಬರಿಯ ಮರ. ಹೆಬ್ಬೆರಳು ಊರುತ್ತಿದ್ದ ಜಾಗದಲ್ಲಿ ಒಂದು ನಯವಾದ ತಗ್ಗು. ಇದನ್ನು ನೋಡಿದ ಕೂಡಲೆ ನಮ್ಮಲ್ಲಿ ಮೂರು ಅಭಿಪ್ರಾಯಗಳಾದುವು.

ಅಮ್ಮನದು, ಮತ್ತೆ ಕಪ್ಪು ಬಣ್ಣ ಹೊಡೆಸಬೇಕೆಂದು. “ಅವನ ಕೈಯಲ್ಲಿದ್ದಾಗ ಕನ್ನಡಿಯ ಹಾಗಿತ್ತು. ಹೀಗೆ ಕೊಟ್ಟು ಕಳಿಸಿದರೆ, ನೋಡಿದವರು ಇವನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ ಅಂದುಕೊಳ್ಳುವುದಿಲ್ಲವೇನಪ್ಪಾ?” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಗುವಿನದು, ಕಪ್ಪನ್ನೆಲ್ಲ ಕೆರೆದು ಕಾರ್ಖಾನೆಯ ಮೊದಲ ಬಣ್ಣವನ್ನು ಹೊರಗೆ ತರಬೇಕೆಂದು. ಅವಳು ವಾದ್ಯದ ಕತ್ತನ್ನು ಬಿಚ್ಚಿಸಿ ನೋಡಿಸಿದ್ದಳು. ಬುಡದಲ್ಲಿ 1966ರ ಮುದ್ರೆಯಿತ್ತು. “ಅದು ಅದರ ಮೂಲರೂಪ, ದೊಡ್ಡಪ್ಪ” ಎಂದಳು. ನನ್ನ ಅಭಿಪ್ರಾಯವೇನೆಂದು ನನಗೇ ಆಗ ತಿಳಿಯದು. ಆದರೆ ಅವಳು, “ಅಪ್ಪ ನುಡಿಸಿದ್ದು ನನಗೆ ಸರಿಯಾಗಿ ನೆನಪಿಲ್ಲ, ನೀವು ಕಂಡಿದ್ದೀರಿ; ನೀವು ಹೇಳಿದಂತೆ ಆಗಲಿ” ಎಂದು ಹೊರೆಯನ್ನು ನನ್ನ ಮೇಲೆ ಹಾಕಿದಳು.

ನಾನು ಮೊದಲು ವಿಚಾರಿಸಿದುದು ನಾದದ ವಿಷಯವನ್ನು. ಪಿಟೀಲಿಗೂ ವೀಣೆಗೂ ಮೆರುಗು ದಪ್ಪವಾದರೆ ಮರದ ಕಂಪನಕ್ಕೆ ಅಡ್ಡಿಯಾಗುವುದೆಂದು ಕೇಳಿದ್ದೆನು. ಆದರೆ ಈ ವಾದ್ಯದಲ್ಲಿ ನಾದವನ್ನು ಹಿಡಿಯುವುದು ತಾಮ್ರದ ಸುರುಳಿಯೇ ಹೊರತು ಹಲಗೆಯಲ್ಲ. ಬಣ್ಣ ಬದಲಾದರೆ ಕಿವಿಗೆ ತಿಳಿಯುವಷ್ಟು ಭೇದವಾಗುವುದು ಸಂಶಯ. ಬೀಟಲ್ಸ್ ಮೇಳದ ಜಾನ್ ಲೆನನ್ 1968ರಲ್ಲಿ ತನ್ನ ಗಿಟಾರಿನ ಬಣ್ಣವನ್ನು ಕೆರೆಸಿದ ಮೇಲೆ ನಾದ ಉತ್ತಮವಾಯಿತೆಂದು ಅವರವರೇ ಹೇಳಿಕೊಂಡರೆಂದು ಮಗು ತಿಳಿಸಿದಳು. ಅವನದು ಪೊಳ್ಳಾದ ಒಡಲಿನ ಗಿಟಾರ್. ಅದಕ್ಕೆ ಸಲ್ಲುವುದು ಇದಕ್ಕೆ ಸಲ್ಲಬೇಕಾಗಿಲ್ಲ. ಹೀಗೆ ನಾದದ ವಾದ ಬಿದ್ದುಹೋಯಿತು. ಉಳಿದುದು ಕಣ್ಣಿಗೆ ಸಂಬಂಧಪಟ್ಟದ್ದು, ಹಣಕ್ಕೆ ಸಂಬಂಧಪಟ್ಟದ್ದು, ಮತ್ತೂ ಒಂದು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಇಂಥ ಹಳೆಯ ವಾದ್ಯಗಳ ವ್ಯಾಪಾರಿಗಳು, ಮರುಬಣ್ಣ ಕಂಡ ವಾದ್ಯಕ್ಕೆ ಸುಮಾರು ಅರ್ಧ ಬೆಲೆ ಎಂದು ಲೆಕ್ಕಹಾಕುತ್ತಾರಂತೆ. 1965ರ ಜನವರಿಯಲ್ಲಿ ಫೆಂಡರ್ ಕಾರ್ಖಾನೆ ಸಿ.ಬಿ.ಎಸ್. ಎಂಬ ದೊಡ್ಡ ಕಂಪೆನಿಯ ಕೈಸೇರಿತು. ಅದಕ್ಕಿಂತ ಹಿಂದಿನವಕ್ಕೆ ಇನ್ನೂ ಹೆಚ್ಚು ಗೌರವ. ನಮ್ಮದು ಒಂದು ವರ್ಷ ತಡವಾಗಿ ಹುಟ್ಟಿದುದು, ಮತ್ತು ಬೆಲೆಯ ಅರ್ಧವನ್ನು ನನ್ನ ತಮ್ಮನು 1994ರಲ್ಲಿಯೇ ಕಪ್ಪು ಬಣ್ಣದಲ್ಲಿ ಮುಳುಗಿಸಿದ್ದನು. ಅಲ್ಲದೆ ಮಾರುವ ಉದ್ದೇಶ ಯಾರಿಗೂ ಇಲ್ಲ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಬೇಸಿಗೂ 1964ರಲ್ಲಿ ಹೊಸ ಬಣ್ಣ ಹಾಕಿಸಿದ್ದರು. 1972ರಲ್ಲಿ ಕಳವಾದ ಆ ವಾದ್ಯ ಐವತ್ತೊಂದು ವರ್ಷದ ಮೇಲೆ ಸಿಕ್ಕಿ, ಅವನ ಕೈ ಸೇರಿದ ಸುದ್ದಿ 2024ರಲ್ಲಿ ಪ್ರಕಟವಾದಾಗ, ಇದು ಮರುಬಣ್ಣದ್ದು, ಅರ್ಧ ಬೆಲೆಯದು ಎಂದು ಯಾರೂ ಮೂಗುಮುರಿಯಲಿಲ್ಲ.

ವಿರಾಜಪೇಟೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಒಬ್ಬ ಕುಶಲಿಯನ್ನು ಕರೆಸಿ ತೋರಿಸಿದೆನು. ಅವನು ನನ್ನ ಹಳೆಯ ವಿದ್ಯಾರ್ಥಿ. ಸಂಸ್ಕೃತದಲ್ಲಿ ಅಷ್ಟಕ್ಕಷ್ಟೆ, ಕೈಕೆಲಸದಲ್ಲಿ ನಿಪುಣ. ಬೇಕಾದರೆ ಕಪ್ಪು, ಬೇಕಾದರೆ ಸಂಜೆಯಾಕಾಶ, ಎರಡೂ ಆಗುತ್ತದೆಂದನು. ನಾನು ಅನುಮಾನಿಸುತ್ತಿರುವುದನ್ನು ಕಂಡು, “ಮಾಷ್ಟ್ರೇ, ಬಣ್ಣ ಚಂದಕ್ಕಲ್ಲ, ಮರ ಉಳಿಯುವುದಕ್ಕೆ. ಬರಿಮರ ಕಾಣುವ ಕಡೆ ನಮ್ಮ ಮಳೆಗಾಲದ ನೀರು ಕುಡಿಯುತ್ತದೆ” ಎಂದನು. ಈ ವಾದಗಳಲ್ಲೆಲ್ಲ ಅತ್ಯಂತ ಗಟ್ಟಿಯಾದುದು ಇದೇ. ಕೆಲವು ಐನ್‌ಮನೆಗಳಲ್ಲಿ ಕೆತ್ತನೆಯ ಕಂಬಗಳಿಗೆ ಎನಾಮೆಲ್ ಬಳಿದಿರುವುದನ್ನು ಕಂಡು ನಾನು ಹಲವು ಸಲ ವ್ಯಥೆಪಟ್ಟಿದ್ದೇನೆ. ಕೆತ್ತಿದ ಬಳ್ಳಿಯ ನಡುವಿನ ಗೆರೆಗಳೆಲ್ಲ ಬಣ್ಣದಲ್ಲಿ ಹೂತುಹೋಗಿರುತ್ತವೆ. ಆದರೆ ಬಳಿದವರು ಗೆದ್ದಲಿಗೂ ನೀರಿಗೂ ಹೆದರಿ ಬಳಿದರೆಂಬುದನ್ನು ಮರೆತು ಅವರನ್ನು ಹಳಿಯುವುದು ನ್ಯಾಯವಲ್ಲ.

ಆಗ ನನಗೆ ಸಹಜವಾಗಿ ನೆನಪಾದುದು ಸಂಸ್ಕಾರವೆಂಬ ಶಬ್ದದ ವಿಚಾರ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ, ಸಂಸ್ಕಾರವೆಂಬುದು ಇಲ್ಲದ ಗುಣವನ್ನು ಕೂಡಿಸುವುದರಿಂದ ಆಗಬಹುದು, ಇರುವ ದೋಷವನ್ನು ತೆಗೆಯುವುದರಿಂದ ಆಗಬಹುದು ಎಂದು ಎರಡಾಗಿ ವಿಭಾಗಿಸುತ್ತಾರೆ. ಕನ್ನಡಿಯನ್ನು ತಿಕ್ಕಿದಾಗ ಹೊಳಪು ಕಾಣುವ ದೃಷ್ಟಾಂತವೂ ಅಲ್ಲಿದೆ. ಅವರು ಹೇಳಿದ್ದು ಮೋಕ್ಷದ ಪ್ರಕರಣದಲ್ಲಿ. ಗಿಟಾರಿಗೆ ಎಳೆದುತಂದುದನ್ನು ಪಂಡಿತರು ಕ್ಷಮಿಸಬೇಕು. ಅಮ್ಮ ಕೇಳುವುದು ಗುಣಾಧಾನ, ಮಗು ಕೇಳುವುದು ದೋಷಾಪನಯನ ಎಂದು ನಾನು ಹೆಸರಿಟ್ಟೆನು. ಹೆಸರಿಟ್ಟರೆ ಅರ್ಧ ಕೆಲಸ ಮುಗಿಯಿತೆಂಬುದು ಮೇಷ್ಟರ ಜಾತಿಯ ಭ್ರಾಂತಿ. ಮುಂದಿನ ಪ್ರಶ್ನೆ ಎದುರಿಗೆ ನಿಂತಿತು: ಇಲ್ಲಿ ದೋಷ ಯಾವುದು? ಇಲ್ಲಣ ದೋಷ, ತುಕ್ಕು ದೋಷ, ಸಂಶಯವಿಲ್ಲ. ತಮ್ಮನ ಕಪ್ಪು ಬಣ್ಣ ದೋಷವೆ? ಅವನ ತೋಳು ಮಾಡಿದ ಸವೆತ ದೋಷವೆ?

ಸುಬೇದಾರರಿಗೆ ಈಗ ತೊಂಬತ್ತರ ಹತ್ತಿರ. ಅವರನ್ನು ಕೇಳಲು ಹೋದೆನು. ಅವರು ಮಾತಾಡದೆ ಒಳಗಿನಿಂದ ತಮ್ಮ ಅಜ್ಜನ ಕೋವಿಯನ್ನು ತರಿಸಿದರು. ಕಬ್ಬಿಣಕ್ಕೆ ವರ್ಷವರ್ಷವೂ ಎಣ್ಣೆ ಕಂಡಿದೆ; ಕೆನ್ನೆಗೊತ್ತುವ ಮರದ ಭಾಗ ಮಾತ್ರ ಮೆರುಗು ಕಾಣದೆ, ಕೈಯ ಜಿಡ್ಡಿನಿಂದಲೇ ಕಪ್ಪಾಗಿ ನುಣುಪಾಗಿದೆ. “ಗುಂಡು ಹಾರಬೇಕು, ಅದಕ್ಕೆ ಬೇಕಾದ್ದು ಮಾಡಿ. ಉಳಿದದ್ದು ಅಜ್ಜನ ಕೆನ್ನೆ” ಎಂದರು.

ತೀರ್ಮಾನವನ್ನು ಕಡೆಗೆ ತಂದುದು ರಸಾಯನಶಾಸ್ತ್ರ. ಬೆಂಗಳೂರಿನಲ್ಲಿ ಗಿಟಾರುಗಳನ್ನು ರಿಪೇರಿ ಮಾಡುವ ಒಬ್ಬರಿಗೆ ಮಗು ವಾದ್ಯವನ್ನು ತೋರಿಸಿ ಬಂದು ವಿವರಿಸಿದಳು. 1966ರಲ್ಲಿ ಕಾರ್ಖಾನೆಯವರು ಹಾಕುತ್ತಿದ್ದುದು ನೈಟ್ರೋಸೆಲ್ಯುಲೋಸ್ ಎಂಬ ಮೆರುಗು. ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ಪದಾರ್ಥ. ಕೋವಿಯ ಹೊಗೆಯಿಲ್ಲದ ಮದ್ದಿಗೆ ಇದು ಸೋದರ. ಸುಬೇದಾರರು ಎರಡನ್ನೂ ಒಂದೇ ಸಾಲಿನಲ್ಲಿಟ್ಟುದು ಈ ಬಂಧುತ್ವವನ್ನು ಬಲ್ಲವರಂತೆಯೇ ಆಯಿತು. ಇದಕ್ಕೆ ಲ್ಯಾಕರ್ ಎಂಬ ಹೆಸರು ಬಂದುದು ನಮ್ಮ ಲಾಕ್ಷಾ ಶಬ್ದದಿಂದ. ಇದರಲ್ಲಿ ಅರಗು ಸೊನ್ನೆ. ಅಮೇರಿಕದ ಡ್ಯೂಪಾಂಟ್ ಕಂಪೆನಿಯವರು 1920ರ ದಶಕದಲ್ಲಿ ಮೋಟಾರುಗಾಡಿಗಳಿಗಾಗಿ ಡ್ಯೂಕೋ ಎಂಬ ಹೆಸರಿನಿಂದ ಇದನ್ನೇ ಹರಡಿದರು. ಗಾಡಿಗೆ ಬಳಿದ ಬಣ್ಣ ಒಣಗಲು ವಾರಗಟ್ಟಲೆ ಹಿಡಿಯುತ್ತಿದ್ದುದು ಇದರಿಂದ ಗಂಟೆಗಳಿಗೆ ಇಳಿಯಿತು. ನಮ್ಮ ಮರಗೆಲಸದವರು ಇಂದಿಗೂ ಡ್ಯೂಕೋ ಎನ್ನುತ್ತಾರೆ. ಫೆಂಡರ್ ಕೂಡ ತನ್ನ ವಿಶೇಷ ಬಣ್ಣಗಳನ್ನು ಡ್ಯೂಪಾಂಟಿನ ಕಾರುಬಣ್ಣಗಳಿಂದಲೇ ಆರಿಸಿಕೊಂಡನು. 1994ರ ಶೆಡ್ಡಿನಲ್ಲಿ ತಮ್ಮನ ವಾದ್ಯಕ್ಕೆ ಹೊಡೆದುದೂ ಇದೇ ಜಾತಿಯದು.

ಈ ಮೆರುಗಿನ ಸ್ವಭಾವವೇನೆಂದರೆ, ಹಳೆಯ ಪದರದ ಮೇಲೆ ಹೊಸದನ್ನು ಹೊಡೆದಾಗ ಹೊಸದರ ದ್ರಾವಕವು ಹಳೆಯದನ್ನು ಕರಗಿಸಿ, ಎರಡೂ ಒಂದಾಗಿ ಒಣಗುತ್ತವೆ. ಬೇರೆ ಬಣ್ಣಗಳ ಹಾಗೆ ಒಂದರ ಮೇಲೊಂದು ಸುಮ್ಮನೆ ಕುಳಿತಿರುವುದಿಲ್ಲ. ಕಪ್ಪನ್ನು ಕರಗಿಸುವ ದ್ರಾವಕ ಕೆಂಪನ್ನೂ ಹಳದಿಯನ್ನೂ ಕರಗಿಸುತ್ತದೆ. ಮರಳುಕಾಗದ ಹಾಕಿದರೂ ಇಲ್ಲಿ ಉಳಿಯಿತು, ಅಲ್ಲಿ ಹೋಯಿತು ಎಂದಾಗುವುದೇ ಹೊರತು ಮೂಲರೂಪವೆಂಬುದು ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸ ಕವಿಗಳಲ್ಲಿದೆ. ಬೆಂಗಳೂರಿನ ರಿಪೇರಿ ಅಂಗಡಿಯಲ್ಲಿಲ್ಲ.

ಮಗು ಸ್ವಲ್ಪ ಸಪ್ಪಗಾದಳು. ನಾನು ಅವಳನ್ನು ಕೇಳಿದೆನು: “ಮೂಲರೂಪ ಎನ್ನುತ್ತೀಯಲ್ಲಮ್ಮಾ, ಯಾರ ಮೂಲ? 1966ರ ಬಣ್ಣವನ್ನು ನಿಮ್ಮ ಅಪ್ಪ ಮೂರು ವರ್ಷ ನುಡಿಸಿದ, ಅದು ಅವನ ಕೈಗೆ ಬರುವ ಮೊದಲೇ ಸವೆದಿತ್ತು. ಆ ಸವೆತ ಬೇರೊಬ್ಬರದು. ಈ ಕಪ್ಪಿನ ಮೇಲೆ ಇರುವುದೆಲ್ಲ ಅವನೊಬ್ಬನದೇ.” ಅವಳು ಉತ್ತರ ಕೊಡಲಿಲ್ಲ. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯನ್ನು ಆ ಸವೆದ ಅಂಚಿನ ಮೇಲೆ ಊರಿ ನೋಡಿದಳು. ಅವಳ ತೋಳು ಅವನದಕ್ಕಿಂತ ಗಿಡ್ಡ. ಸವೆತ ಅವಳ ಮೊಣಕೈಯ ಹತ್ತಿರ ಬಂದಿತು. ಎರಡು ಸಲ ಸರಿಸಿ ಸರಿಸಿ ಇಟ್ಟು ನೋಡಿ, “ಇರಲಿ ದೊಡ್ಡಪ್ಪ” ಎಂದಳು.

ಆ ಮೇಲೆ ಕೆಲಸ ಸರಾಗವಾಯಿತು. ಸ್ಪಿರಿಟ್ಟಾಗಲಿ ತಿನ್ನರಾಗಲಿ ಮುಟ್ಟಿಸಕೂಡದೆಂದು ಅಂಗಡಿಯವರ ಕಟ್ಟಪ್ಪಣೆ. ಒದ್ದೆಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದಲೂ, ಜಿಡ್ಡು ಬಿಡದ ಕಡೆ ನ್ಯಾಫ್ತಾ ಎಂಬ ತಿಳಿಯಾದ ಎಣ್ಣೆಯಿಂದಲೂ ಒರಸಿ ಒರಸಿ ಹದಿನೈದು ವರ್ಷದ ಇಲ್ಲಣವನ್ನು ನಾವಿಬ್ಬರೂ ಎರಡು ದಿನದಲ್ಲಿ ತೆಗೆದೆವು. ಬರಿಮರ ಕಾಣುತ್ತಿದ್ದ ಎರಡು ಜಾಗಗಳಿಗೆ ಮಾತ್ರ, ನನ್ನ ಹಳೆಯ ವಿದ್ಯಾರ್ಥಿಯ ಮಾತನ್ನು ಮನ್ನಿಸಿ, ಸಣ್ಣ ಕುಂಚದಿಂದ ಬಣ್ಣವಿಲ್ಲದ ಮೆರುಗನ್ನು ಮುಟ್ಟಿಸಿದ್ದಾಯಿತು. ಒಳಗಿನ ವಿದ್ಯುತ್ತಿನ ಕಟ್ಟುಗಳನ್ನು ಬೆಂಗಳೂರಿನಲ್ಲಿ ಸರಿಮಾಡಿಸಿದಳು. ವಾದ್ಯವನ್ನಿಡುವ ಕಾಲುಮಣೆಗೆ ರಬ್ಬರಿದ್ದರೆ ಅದರ ಮೇಲೆ ಹತ್ತಿಯ ಬಟ್ಟೆ ಸುತ್ತಬೇಕೆಂದು ಅವಳೇ ನನಗೆ ಹೇಳಿದಳು; ಈ ಮೆರುಗನ್ನು ರಬ್ಬರು ತಿಂದುಹಾಕುತ್ತದಂತೆ. ಇಂಥ ವಾದ್ಯ ಮನೆಯಲ್ಲಿರುವ ವಾಚಕರು ಇದೊಂದನ್ನು ಗಮನದಲ್ಲಿಡಬಹುದು.

ಅಮ್ಮನ ಮಾತು ನನ್ನನ್ನು ಕೊನೆಯವರೆಗೂ ಚುಚ್ಚುತ್ತಿತ್ತು. ಇಲ್ಲಣ ಹೋದ ಮೇಲೆ ಸವೆಯದ ಭಾಗದಲ್ಲಿ ಕಪ್ಪು ತಾನಾಗಿಯೇ ಹೊಳೆಯತೊಡಗಿತು. ಕಿಟಕಿಯ ಸರಳುಗಳು ಅದರಲ್ಲಿ ಕಾಣುತ್ತಿದ್ದುವು. ಅವರ ಎದುರಿಗೆ ಹಿಡಿದೆನು. ಬಹಳ ಹೊತ್ತು ನೋಡಿ, “ಇನ್ನೂ ಸ್ವಲ್ಪ ಆಗಬೇಕಿತ್ತು” ಎಂದರು. ಆ ಮೇಲೆ ಸವೆದ ಅಂಚನ್ನು ತೋರಿಸಿ, “ಇಲ್ಲಿ ಮಾತ್ರ ಹೀಗೇ ಇರಲಿ, ನಡುವೆ ಒಂದು ಕೈ ಹೊಡೆಸಬಹುದಾಗಿತ್ತಲ್ಲ” ಎಂದು ರಾಜಿಯ ದಾರಿಯನ್ನೂ ಹೇಳಿದರು. ಅದು ಆಗಲಿಲ್ಲ. ಅವರಿಗೆ ಪೂರ್ತಿ ಸಮಾಧಾನವಾಯಿತೆಂದು ನಾನು ಹೇಳುವುದಿಲ್ಲ.

ತಂತಿಗಳ ವಿಷಯದಲ್ಲಿ ಮಾತ್ರ ಮಗು ಯಾರನ್ನೂ ಕೇಳಲಿಲ್ಲ. ಅಮೇರಿಕದ ಡೆಟ್ರಾಯಿಟಿನಲ್ಲಿ ಮೋಟೌನ್ ಸಂಸ್ಥೆಯ ಪದಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಎಂಬ ಮಹಾಶಯ, ಕೊಳೆಯಲ್ಲಿಯೇ ನಾದದ ಸತ್ತ್ವವಿದೆಯೆಂದು ನಂಬಿ, ತಂತಿ ಕಡಿಯುವವರೆಗೂ ಬದಲಾಯಿಸುತ್ತಿರಲಿಲ್ಲವಂತೆ. ಅದನ್ನು ಹೇಳಿದವಳೂ ಅವಳೇ, ಹೇಳಿ ನಕ್ಕವಳೂ ಅವಳೇ. ತುಕ್ಕು ಹಿಡಿದ ನಾಲ್ಕನ್ನೂ ಬಿಚ್ಚಿ ಹೊಸ ತಂತಿ ಬಿಗಿದಳು. ಹಳೆಯವನ್ನು ಸುರುಳಿ ಸುತ್ತಿ ಎಲ್ಲಿಡಲೆಂದು ಅಮ್ಮನನ್ನು ಕೇಳಿದಾಗ ಅವರು ಹಿತ್ತಲಿನ ಅವರೆಯ ಚಪ್ಪರ ಜೋಲುತ್ತಿದೆ ಎಂದರು. ಮರುದಿನ ಬೆಳಗ್ಗೆ ನಾನು ಇಕ್ಕಳ ಹಿಡಿದು ನಾಲ್ಕನ್ನೂ ಅಲ್ಲಿ ಬಿಗಿದೆನು. ದಪ್ಪನಾದುದು ಮೂಲೆಯ ಗೂಟಕ್ಕೆ ಬಂದಿತು.